ಹೃದಯದ ಔಷಧಿಗಳ ಟ್ರಯಲ್: ದುಡ್ಡು ಹಾಕಿದವರು ಯಾರು ಅನ್ನೋದು ಎಷ್ಟು ಮುಖ್ಯ?

ಗಣಿತದ_ಮೇಷ್ಟ್ರು

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸ್ಟಾಟಿನ್ (ಕೊಲೆಸ್ಟೆರಾಲ್ ಇಳಿಸುವ ಮಾತ್ರೆ) ಜಗಳ ನಡೆಯುತ್ತಿದೆ. ಒಂದು ಕಡೆಯವರು "ಕಂಪನಿ ದುಡ್ಡಲ್ಲಿ ಮಾಡಿದ ಟ್ರಯಲ್, ನಂಬಬೇಡಿ" ಅನ್ನುತ್ತಾರೆ. ಇನ್ನೊಂದು ಕಡೆಯವರು "ದೊಡ್ಡ ಪತ್ರಿಕೆಯಲ್ಲಿ ಬಂದಿದೆ, ಇನ್ನೇನು ಬೇಕು" ಅನ್ನುತ್ತಾರೆ. ಎರಡೂ ಓದದೇ ಆಡುವ ಮಾತು. ಹಾಗಾಗಿ ಸ್ವಲ್ಪ ಹುಡುಕಿ ಓದಿದೆ. ಇಲ್ಲಿ ವೈದ್ಯರಿದ್ದೀರಿ, ಟ್ರಯಲ್ ಕೆಲಸ ಮಾಡುವವರೂ ಇದ್ದೀರಿ, ಅದಕ್ಕೆ ಇಲ್ಲಿ ಹಾಕ್ತಿದ್ದೇನೆ.

2006ರಲ್ಲಿ ಬಾಸ್ಟನ್ನಿನ ಸಂಶೋಧಕರಾದ ರಿಡ್ಕರ್ ಮತ್ತು ಟೊರೆಸ್ 'ಜಾಮಾ' ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. 2000ರಿಂದ 2005ರವರೆಗೆ ಜಾಮಾ, ಲ್ಯಾನ್ಸೆಟ್, ನ್ಯೂ ಇಂಗ್ಲೆಂಡ್ ಜರ್ನಲ್ ಈ ಮೂರು ಪತ್ರಿಕೆಗಳಲ್ಲಿ ಬಂದ ಹೃದಯ ಮತ್ತು ರಕ್ತನಾಳದ ಟ್ರಯಲ್‌ಗಳನ್ನು ಒಟ್ಟುಮಾಡಿದರು. ದುಡ್ಡಿನ ಮೂಲದ ಪ್ರಕಾರ ಬೇರೆ ಮಾಡಿದರು. ಸರ್ಕಾರ ಅಥವಾ ಲಾಭವಿಲ್ಲದ ಸಂಸ್ಥೆಗಳೇ ಪೂರ್ತಿ ದುಡ್ಡು ಹಾಕಿದ 104 ಟ್ರಯಲ್‌ಗಳಲ್ಲಿ 51ರಲ್ಲಿ ಹೊಸ ಚಿಕಿತ್ಸೆ ಗೆದ್ದಿತು. ಅಂದರೆ ನೂರಕ್ಕೆ 49. ಕಂಪನಿಗಳೇ ಪೂರ್ತಿ ದುಡ್ಡು ಹಾಕಿದ 137ರಲ್ಲಿ 92 ಕಡೆ ಹೊಸದು ಗೆದ್ದಿತು. ಅಂದರೆ ನೂರಕ್ಕೆ 67. ಇಬ್ಬರೂ ಸೇರಿ ಹಾಕಿದ್ದರೆ? ಎರಡರ ನಡುವೆ, ನೂರಕ್ಕೆ 56.5.

ಔಷಧಿ ಬಿಟ್ಟು ಸ್ಟೆಂಟಿನಂಥ ಸಾಧನಗಳನ್ನು ಮಾತ್ರ ನೋಡಿದರೆ ಅಂತರ ಇನ್ನೂ ಜಾಸ್ತಿ. ಅಲ್ಲಿ 50 ಮತ್ತು 82.

ನನ್ನ ಪ್ರಶ್ನೆ ಇಷ್ಟೇ. ಈ ಅಂತರ ಎಲ್ಲಿ ಹುಟ್ಟುತ್ತದೆ? ಯಾರಾದರೂ ಅಂಕಿ ತಿದ್ದುತ್ತಾರಾ? ಅಥವಾ ತಿದ್ದುವ ಅಗತ್ಯವೇ ಬೀಳದ ಹಾಗೆ ಮೊದಲೇ ಏನಾದರೂ ನಡೆಯುತ್ತದಾ?

---

ಬೇವಿನಕಟ್ಟೆ

ಮೇಷ್ಟ್ರೇ, ಉತ್ತರ ನಿಮ್ಮ ಅಂಕಿಯಲ್ಲೇ ಇದೆ. 49, 56, 67. ದುಡ್ಡು ಜಾಸ್ತಿ ಆದಂತೆ ಗೆಲುವು ಜಾಸ್ತಿ. ಇದಕ್ಕಿಂತ ಸಾಕ್ಷಿ ಬೇಕಾ?

ವಯಾಕ್ಸ್ ಕಥೆ ಎಲ್ಲರಿಗೂ ಗೊತ್ತಿರಲಿ. ಮರ್ಕ್ ಕಂಪನಿಯ ಕೀಲುನೋವಿನ ಮಾತ್ರೆ. 2000ದಲ್ಲಿ ಬಂದ 'ವಿಗರ್' ಟ್ರಯಲ್‌ನಲ್ಲಿ ಈ ಮಾತ್ರೆ ತಿಂದವರಿಗೆ ನ್ಯಾಪ್ರಾಕ್ಸೆನ್ ಅನ್ನುವ ಹಳೇ ನೋವಿನ ಮಾತ್ರೆ ತಿಂದವರಿಗಿಂತ ಹಾರ್ಟ್ ಅಟ್ಯಾಕ್ ಹೆಚ್ಚು ಕಂಡಿತು. ಕಂಪನಿ ಏನು ಹೇಳಿತು ಗೊತ್ತಾ? ನಮ್ಮ ಮಾತ್ರೆ ಕೆಟ್ಟದ್ದಲ್ಲ, ನ್ಯಾಪ್ರಾಕ್ಸೆನ್ನೇ ಹೃದಯವನ್ನು ಕಾಪಾಡುತ್ತೆ ಅಂತ! ಟ್ರಯಲ್ ಮುಖ್ಯವಾಗಿ ನೋಡುತ್ತಿದ್ದ ಹೊಟ್ಟೆಯ ಹುಣ್ಣನ್ನು ಒಂದು ದಿನಾಂಕದವರೆಗೆ ಎಣಿಸಿದರು, ಹೃದಯದ ತೊಂದರೆಯನ್ನು ಅದಕ್ಕಿಂತ ಒಂದು ತಿಂಗಳು ಮೊದಲೇ ಎಣಿಸುವುದು ನಿಲ್ಲಿಸಿದರು. ಹಾಗಾಗಿ ಮೂರು ಹಾರ್ಟ್ ಅಟ್ಯಾಕ್ ಲೆಕ್ಕದಿಂದ ಹೊರಗೆ. 2005ರ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್‌ನ ಸಂಪಾದಕರೇ ಇದರ ಬಗ್ಗೆ ಬರೆದು ಎಚ್ಚರಿಸಬೇಕಾಯಿತು. ಅಷ್ಟರಲ್ಲಿ ಮಾತ್ರೆ ಮಾರುಕಟ್ಟೆಯಿಂದ ಹೋಗಿಯೇ ವರ್ಷ ಆಗಿತ್ತು. 2004ರ ಸೆಪ್ಟೆಂಬರ್ 30ರಂದು ವಾಪಸ್ ತೆಗೆದುಕೊಂಡರು. ಆಮೇಲೆ ಕೇಸುಗಳಿಗೆ 485 ಕೋಟಿ ಡಾಲರ್ ಕೊಡಲು ಒಪ್ಪಿದರು.

ಇಷ್ಟಾದ ಮೇಲೂ ನಂಬಿ ಅಂದರೆ ಹೇಗೆ ಸ್ವಾಮಿ?

---

ಎದೆಬಡಿತ_ಡಾಕ್ಟ್ರು

ಬೇವಿನಕಟ್ಟೆಯವರೇ, ವಯಾಕ್ಸ್ ಬಗ್ಗೆ ನೀವು ಹೇಳಿದ್ದು ಸರಿ. ಆದರೆ ಅದರಿಂದ ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಬೇಡಿ.

2006ರ ಡಿಸೆಂಬರಿನಲ್ಲಿ ಏನಾಯಿತು ನೋಡಿ. ಫೈಜರ್ ಕಂಪನಿ ಟಾರ್ಸೆಟ್ರಾಪಿಬ್ ಅನ್ನುವ ಮಾತ್ರೆಯ ಮೇಲೆ ನೂರಾರು ಮಿಲಿಯನ್ ಡಾಲರ್ ಸುರಿದಿತ್ತು. ಒಳ್ಳೆ ಕೊಲೆಸ್ಟೆರಾಲ್ ಏರಿಸುವ ಮಾತ್ರೆ. 15 ಸಾವಿರ ಜನರ ಟ್ರಯಲ್. ನಡುವೆಯೇ ಸಾವು ಹೆಚ್ಚು ಕಂಡಿತು, ಮಾತ್ರೆ ತಿಂದವರಲ್ಲಿ 93, ತಿನ್ನದವರಲ್ಲಿ 59. ಟ್ರಯಲ್ ನಿಲ್ಲಿಸಿದರು, ಮಾತ್ರೆಯನ್ನೇ ಕೈಬಿಟ್ಟರು, ಫಲಿತಾಂಶವನ್ನು ಪ್ರಕಟಿಸಿದರು. ಎಲ್ಲವೂ ಕಂಪನಿಯ ದುಡ್ಡಲ್ಲೇ.

ಸ್ಟಾಟಿನ್ ವಿಷಯಕ್ಕೆ ಬಂದರೆ, 1994ರ 'ಫೋರ್-ಎಸ್' ಟ್ರಯಲ್ ಕೂಡ ಮರ್ಕ್ ದುಡ್ಡಲ್ಲೇ ನಡೆದದ್ದು. ಹೃದಯದ ಕಾಯಿಲೆ ಇದ್ದ 4,444 ಜನರಲ್ಲಿ ಸಾವು ನೂರಕ್ಕೆ 30ರಷ್ಟು ಕಡಿಮೆಯಾಯಿತು. 2014ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ 183 ಸ್ಟಾಟಿನ್ ಟ್ರಯಲ್‌ಗಳನ್ನು ಕೂಡಿಸಿ ನೋಡಿದರು. ಕೆಟ್ಟ ಕೊಲೆಸ್ಟೆರಾಲ್ ಎಷ್ಟು ಇಳಿಯುತ್ತದೆ ಅನ್ನುವುದರಲ್ಲಿ ಕಂಪನಿ ದುಡ್ಡಿನ ಟ್ರಯಲ್‌ಗೂ ಬೇರೆ ದುಡ್ಡಿನ ಟ್ರಯಲ್‌ಗೂ ವ್ಯತ್ಯಾಸ ಸಿಗಲಿಲ್ಲ.

ಇನ್ನೊಂದು ಮಾತು. ಕಂಪನಿಯವರು ದಡ್ಡರಲ್ಲ. ಸೋಲುವ ಔಷಧಿಯನ್ನು ಚಿಕ್ಕ ಪರೀಕ್ಷೆಗಳಲ್ಲೇ ಬಿಟ್ಟುಬಿಡುತ್ತಾರೆ. ಗೆಲ್ಲುವ ಲಕ್ಷಣ ಇರುವುದನ್ನು ಮಾತ್ರ ದೊಡ್ಡ ಟ್ರಯಲ್‌ಗೆ ತರುತ್ತಾರೆ. ಸರ್ಕಾರದವರು "ಇದು ನಿಜವಾಗಿ ಕೆಲಸ ಮಾಡುತ್ತಾ?" ಅನ್ನುವ ಅನುಮಾನದ ಪ್ರಶ್ನೆಗೇ ದುಡ್ಡು ಕೊಡುತ್ತಾರೆ. ಹಾಗಾಗಿ 67 ಮತ್ತು 49ರ ಅಂತರದಲ್ಲಿ ಒಂದಿಷ್ಟು ಪಾಲು ಮೋಸವೇ ಅಲ್ಲ.

---

ಅಮೆರಿಕದಲ್ಲಿರೋ_ಶಿರಸಿ

ಆ 2006ರ ಲೇಖನ ಬರೆದ ರಿಡ್ಕರ್ ಬಗ್ಗೆ ಯಾರೂ ಹೇಳಲಿಲ್ವಲ್ಲ. ಎರಡು ವರ್ಷದ ನಂತರ, 2008ರಲ್ಲಿ, ಅದೇ ರಿಡ್ಕರ್ ಮುಂದಾಳತ್ವದಲ್ಲಿ 'ಜುಪಿಟರ್' ಟ್ರಯಲ್ ಬಂತು. ರೋಸುವಾಸ್ಟಾಟಿನ್ ಮಾತ್ರೆ, 17,802 ಜನ, ದುಡ್ಡು ಆಸ್ಟ್ರಾಜೆನೆಕಾ ಕಂಪನಿಯದು. ಕೊಲೆಸ್ಟೆರಾಲ್ ಹೆಚ್ಚಿಲ್ಲ, ಆದರೆ ರಕ್ತದಲ್ಲಿ ಸಿಆರ್‌ಪಿ ಅನ್ನುವ ಉರಿಯೂತದ ಗುರುತು ಹೆಚ್ಚಿರುವವರನ್ನು ಆರಿಸಿದ್ದರು. ಸಿಆರ್‌ಪಿ ಬಳಕೆಯ ಪೇಟೆಂಟಿನಲ್ಲಿ ಸಂಶೋಧಕರಾಗಿ ರಿಡ್ಕರ್ ಹೆಸರೂ ಇದೆ. ಅವರು ಮುಚ್ಚಿಟ್ಟಿಲ್ಲ, ಲೇಖನದಲ್ಲೇ ಬರೆದಿದ್ದಾರೆ.

ಪತ್ರಿಕೆಗಳಲ್ಲಿ ಬಂದದ್ದು "ಅಪಾಯ 44 ಪರ್ಸೆಂಟ್ ಕಡಿಮೆ". ನಿಜವೇ. ಲೆಕ್ಕ ಬಿಡಿಸಿ ನೋಡಿ. ಡಮ್ಮಿ (ಔಷಧಿ ಇಲ್ಲದ) ಮಾತ್ರೆಯವರಲ್ಲಿ ನೂರು ಜನಕ್ಕೆ ವರ್ಷಕ್ಕೆ 1.36 ಹೃದಯದ ತೊಂದರೆ, ಸ್ಟಾಟಿನ್‌ನವರಲ್ಲಿ 0.77. ಐದು ವರ್ಷ ನಡೆಯಬೇಕಿದ್ದ ಟ್ರಯಲ್ ಎರಡು ವರ್ಷದ ಒಳಗೇ ನಿಂತಿತು, ಲಾಭ ಸ್ಪಷ್ಟವಾಗಿದೆ ಅಂತ. ಬೇಗ ನಿಲ್ಲಿಸಿದ ಟ್ರಯಲ್‌ಗಳಲ್ಲಿ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದುಂಟು. ದೀರ್ಘಕಾಲದ ಅಡ್ಡಪರಿಣಾಮ ನೋಡಲು ಸಮಯವೂ ಸಿಗುವುದಿಲ್ಲ.

ಇಲ್ಲಿ ಯಾರೂ ಅಂಕಿ ತಿದ್ದಲಿಲ್ಲ. ಯಾರನ್ನು ಸೇರಿಸಬೇಕು, ಯಾವಾಗ ನಿಲ್ಲಿಸಬೇಕು, ಯಾವ ಶೇಕಡಾವಾರನ್ನು ಮುಂದೆ ಹಿಡಿಯಬೇಕು, ಇವೆಲ್ಲ ತೀರ್ಮಾನಗಳು. ಮೇಷ್ಟ್ರು ಕೇಳಿದ "ಮೊದಲೇ ನಡೆಯುವುದು" ಇದೇ.

---

ಟ್ರಯಲ್_ಕೋಆರ್ಡಿನೇಟರ್

ನಾನು ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಒಳಗಿನ ಮಾತು ಸ್ವಲ್ಪ ಹೇಳ್ತೀನಿ.

ಕಂಪನಿ ಟ್ರಯಲ್ ಅಂದರೆ ಪ್ರೋಟೋಕಾಲ್ ರೆಡಿಯಾಗಿ ಬರುತ್ತದೆ. ಯಾವ ಪೇಷೆಂಟ್, ಯಾವ ಡೋಸ್, ಯಾವುದರ ಜೊತೆ ಹೋಲಿಕೆ, ಏನನ್ನು ಎಣಿಸಬೇಕು, ಎಲ್ಲ ಬರೆದಿರುತ್ತದೆ. ನಮ್ಮ ಡಾಕ್ಟರ್ ಒಂದು ಅಲ್ಪವಿರಾಮವನ್ನೂ ಬದಲಿಸುವ ಹಾಗಿಲ್ಲ. ಎಥಿಕ್ಸ್ ಕಮಿಟಿ ನೋಡುವುದು ಪೇಷೆಂಟಿಗೆ ಅಪಾಯ ಇದೆಯಾ, ಒಪ್ಪಿಗೆ ಪತ್ರ ಕನ್ನಡದಲ್ಲಿ ಅರ್ಥವಾಗುತ್ತಾ, ಇನ್ಶೂರೆನ್ಸ್ ಇದೆಯಾ ಅಂತ. "ಹೋಲಿಕೆಗೆ ಈ ಹಳೇ ಔಷಧಿಯನ್ನೇ ಯಾಕೆ ಇಟ್ಟಿರಿ?" ಅಂತ ಕೇಳಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ನಿಮಗೆ ಇಷ್ಟ ಆಗದಿರಬಹುದು. ಡೇಟಾದ ಶುದ್ಧತೆಯಲ್ಲಿ ಕಂಪನಿ ಟ್ರಯಲ್‌ಗಳೇ ಮೇಲು. ಮಾನಿಟರ್ ಬರುತ್ತಾರೆ, ಒಂದೊಂದು ರಿಪೋರ್ಟನ್ನೂ ಫೈಲಿನ ಜೊತೆ ತಾಳೆ ನೋಡುತ್ತಾರೆ. ಬಿಪಿ ಓದಿದ ಸಮಯ ಬರೆದಿಲ್ಲ ಅಂತ ಪ್ರಶ್ನೆ ಕಳಿಸುತ್ತಾರೆ. ಡಾಕ್ಟರೇ ಸ್ವಂತ ಆಸಕ್ತಿಯಿಂದ ಮಾಡುವ ಟ್ರಯಲ್‌ಗೆ ಇಷ್ಟೆಲ್ಲ ಮಾಡಲು ದುಡ್ಡೆಲ್ಲಿದೆ? ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಅನುದಾನದ ಕಂತು ತಡವಾಗಿ ಕೋಆರ್ಡಿನೇಟರ್ ಕೆಲಸ ಬಿಟ್ಟರು. ಪೇಷೆಂಟ್‌ಗಳಿಗೆ ಫೋನ್ ಮಾಡಿ ವಿಚಾರಿಸುವವರೇ ಇಲ್ಲ. ಅರ್ಧ ಜನರ ಮುಂದಿನ ಕಥೆ ಏನಾಯಿತು ಅಂತ ಯಾರಿಗೂ ತಿಳಿಯಲಿಲ್ಲ. ದುಡ್ಡು ಇಲ್ಲದಿರುವುದೂ ಫಲಿತಾಂಶವನ್ನು ಕೆಡಿಸುತ್ತದೆ ಸರ್.

---

ಗಣಿತದ_ಮೇಷ್ಟ್ರು

ಕೋಆರ್ಡಿನೇಟರ್ ಅವರೇ, "ಯಾವುದರ ಜೊತೆ ಹೋಲಿಕೆ" ಅಂದಿರಲ್ಲ, ನನಗೆ ಅಲ್ಲೇ ಎಲ್ಲ ಸಿಕ್ಕಿಕೊಂಡಿದೆ. ಕುಸ್ತಿಯಲ್ಲಿ ಎದುರಾಳಿಯನ್ನು ನಾನೇ ಆರಿಸಿಕೊಳ್ಳಬಹುದು ಅಂದರೆ ಅಖಾಡದಲ್ಲಿ ಮೋಸ ಮಾಡುವ ಅಗತ್ಯವೇ ಇಲ್ಲ.

ಮೀನೆಣ್ಣೆಯ ಎರಡು ಟ್ರಯಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 'ರೆಡ್ಯೂಸ್-ಇಟ್', ಅಮಾರಿನ್ ಕಂಪನಿಯ ದುಡ್ಡು, 8,179 ಜನ. ಮೀನೆಣ್ಣೆಯಿಂದ ಶುದ್ಧ ಮಾಡಿದ ಇಪಿಎ ಅನ್ನುವ ಅಂಶ ಕೊಟ್ಟರು. ಡಮ್ಮಿಯಾಗಿ ಕೊಟ್ಟದ್ದು ಖನಿಜ ಎಣ್ಣೆ. 2018ರಲ್ಲಿ ಫಲಿತಾಂಶ ಬಂತು. ಹೃದಯದ ತೊಂದರೆಗಳು ನೂರಕ್ಕೆ 25ರಷ್ಟು ಕಡಿಮೆ! ಎಲ್ಲರೂ ಬೆರಗಾದರು.

ಆಮೇಲೆ 'ಸ್ಟ್ರೆಂತ್', ಆಸ್ಟ್ರಾಜೆನೆಕಾ ದುಡ್ಡು, 13,078 ಜನ. ಇದೂ ಮೀನೆಣ್ಣೆಯೇ, ಇಪಿಎ ಜೊತೆಗೆ ಡಿಎಚ್‌ಎ ಅನ್ನುವ ಇನ್ನೊಂದು ಅಂಶ ಕೂಡ ಇತ್ತು. ಡಮ್ಮಿಯಾಗಿ ಮೆಕ್ಕೆಜೋಳದ ಎಣ್ಣೆ. 2020ರಲ್ಲಿ ನಡುವೆಯೇ ನಿಲ್ಲಿಸಿದರು. ಲಾಭವೇ ಇಲ್ಲ.

ಎಲ್ಲರ ಕಣ್ಣು ಡಮ್ಮಿ ಎಣ್ಣೆಯ ಮೇಲೆ ಬಿತ್ತು. ರೆಡ್ಯೂಸ್-ಇಟ್‌ನಲ್ಲಿ ಖನಿಜ ಎಣ್ಣೆ ಕುಡಿದವರ ಕೆಟ್ಟ ಕೊಲೆಸ್ಟೆರಾಲ್ ನೂರಕ್ಕೆ ಹತ್ತರಷ್ಟು ಏರಿತ್ತು. ಸಿಆರ್‌ಪಿಯೂ ಏರಿತ್ತು. ಡಮ್ಮಿ ಅಂದರೆ ಏನೂ ಮಾಡಬಾರದು ಅಲ್ವಾ? ಅದೇ ಸ್ವಲ್ಪ ಕೆಡುಕು ಮಾಡಿದ್ದರೆ ಔಷಧಿ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ಪೂರ್ತಿ 25ಕ್ಕೂ ಅದೇ ಕಾರಣ ಅಂತ ಹೇಳಲಾಗದು. ಇಪಿಎ ಒಂದೇ ಕೊಡುವುದಕ್ಕೂ ಎರಡು ಬೆರೆಸಿ ಕೊಡುವುದಕ್ಕೂ ವ್ಯತ್ಯಾಸ ಇರಬಹುದು ಅಂತ ಇನ್ನೊಂದು ವಾದ ಇದೆ. ಜಗಳ ಇನ್ನೂ ತೀರಿಲ್ಲ.

ಇನ್ನೊಂದು ತಮಾಷೆ ನೋಡಿ. ಎರಡೂ ಕಂಪನಿ ದುಡ್ಡಿನ ಟ್ರಯಲ್‌ಗಳೇ. ಒಂದು ಗೆದ್ದಿತು, ಒಂದು ಸೋತಿತು. "ಕಂಪನಿ ದುಡ್ಡು" ಅನ್ನುವ ಚೀಟಿ ಅಂಟಿಸಿ ಕೂತಿದ್ದರೆ ಈ ಎಣ್ಣೆಯ ವಿಷಯ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

---

ಹುಬ್ಳಿ_ಅಕ್ಕ

ನನಗೆ ಇಷ್ಟು ಅಂಕಿ ತಲೆಗೆ ಹೋಗಲ್ಲ ರೀ. ನಮ್ಮ ಮಾವನವರಿಗೆ ಹೋದ ವರ್ಷ ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇತ್ತು. ಒಬ್ಬರು ಸ್ಟೆಂಟ್ ಅಂದರು, ಇನ್ನೊಬ್ಬರು ಬೈಪಾಸ್ ಅಂದರು. ಇದಕ್ಕೂ ಟ್ರಯಲ್ ಆಗಿರಬೇಕಲ್ಲ? ಅದಕ್ಕೆ ದುಡ್ಡು ಕೊಟ್ಟವರು ಯಾರು?

---

ಎದೆಬಡಿತ_ಡಾಕ್ಟ್ರು

ಅಕ್ಕಾ, ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಆ ಟ್ರಯಲ್‌ನ ಹೆಸರು 'ಎಕ್ಸೆಲ್'. ದುಡ್ಡು ಸ್ಟೆಂಟ್ ಮಾಡುವ ಅಬಾಟ್ ಕಂಪನಿಯದು. ಎಡ ಮುಖ್ಯ ನಾಳದಲ್ಲಿ ಬ್ಲಾಕ್ ಇದ್ದ 1,905 ಜನ. 2016ರಲ್ಲಿ ಮೂರು ವರ್ಷದ ಫಲಿತಾಂಶ ಬಂತು. ಸಾವು, ಪಾರ್ಶ್ವವಾಯು, ಹಾರ್ಟ್ ಅಟ್ಯಾಕ್ ಮೂರನ್ನೂ ಸೇರಿಸಿ ಎಣಿಸಿದರೆ ಸ್ಟೆಂಟಿನವರಲ್ಲಿ ನೂರಕ್ಕೆ 15.4, ಬೈಪಾಸಿನವರಲ್ಲಿ 14.7. ಸ್ಟೆಂಟ್ ಏನೂ ಕಡಿಮೆಯಿಲ್ಲ ಅಂದರು.

ತಕರಾರು ಎದ್ದದ್ದು ಹಾರ್ಟ್ ಅಟ್ಯಾಕ್ ಅಂದರೆ ಏನು ಅನ್ನುವುದರ ಮೇಲೆ. ಆಪರೇಷನ್ ಮಾಡಿದಾಗ ಹೃದಯದ ಸ್ನಾಯುವಿಗೆ ಸ್ವಲ್ಪ ಪೆಟ್ಟು ಬಿದ್ದೇ ಬೀಳುತ್ತದೆ, ರಕ್ತದಲ್ಲಿ ಕಿಣ್ವ ಏರುತ್ತದೆ. ಎಷ್ಟು ಏರಿದರೆ ಹಾರ್ಟ್ ಅಟ್ಯಾಕ್ ಅಂತ ಬರೆಯಬೇಕು? ಟ್ರಯಲ್‌ನವರು ತಮ್ಮದೇ ಅಳತೆ ಇಟ್ಟುಕೊಂಡಿದ್ದರು. ಜಗತ್ತು ಒಪ್ಪಿದ ಅಳತೆಯಿಂದ ಎಣಿಸಿದ್ದರೆ ಏನಾಗುತ್ತಿತ್ತು ಅನ್ನುವ ಅಂಕಿ ಆಗ ಹೊರಬರಲಿಲ್ಲ. 2019ರಲ್ಲಿ ಐದು ವರ್ಷದ ಫಲಿತಾಂಶ ಬಂದಾಗ ಸಾವು ಸ್ಟೆಂಟಿನವರಲ್ಲಿ 13.0, ಬೈಪಾಸಿನವರಲ್ಲಿ 9.9. ತಂಡದಲ್ಲಿದ್ದ ಆಕ್ಸ್‌ಫರ್ಡಿನ ಸರ್ಜನ್ ಡೇವಿಡ್ ಟ್ಯಾಗರ್ಟ್ ಲೇಖಕರ ಪಟ್ಟಿಯಿಂದ ತಮ್ಮ ಹೆಸರು ತೆಗೆಸಿದರು. ಡಿಸೆಂಬರಿನಲ್ಲಿ ಬಿಬಿಸಿ ಸುದ್ದಿ ಮಾಡಿತು. ಯುರೋಪಿನ ಹೃದಯ ಸರ್ಜನ್‌ಗಳ ಸಂಘ ಚಿಕಿತ್ಸೆಯ ಮಾರ್ಗಸೂಚಿಯಲ್ಲಿ ಎಡ ಮುಖ್ಯ ನಾಳದ ಭಾಗಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ತೆಗೆದುಕೊಂಡಿತು. ಟ್ರಯಲ್ ನಡೆಸಿದವರು ತಪ್ಪೇನೂ ಮಾಡಿಲ್ಲ ಅಂದರು, ಆಮೇಲೆ ಇನ್ನೊಂದು ಅಳತೆಯ ಅಂಕಿಗಳನ್ನೂ ಪ್ರಕಟಿಸಿದರು.

ನನ್ನ ಸ್ವಂತ ಅಭಿಪ್ರಾಯ: ಇದರಲ್ಲಿ ಕಂಪನಿಗಿಂತ ಸ್ಟೆಂಟ್ ಹಾಕುವವರಿಗೂ ಬೈಪಾಸ್ ಮಾಡುವವರಿಗೂ ನಡುವಿನ ಹಳೇ ಪೈಪೋಟಿಯ ಪಾಲೂ ದೊಡ್ಡದು. ಸರ್ಜನ್‌ಗಳಿಗೂ ಹೊಟ್ಟೆಪಾಡಿದೆ ಅಲ್ವಾ. ನಿಮ್ಮ ಮಾವನವರ ವಿಷಯದಲ್ಲಿ ವಯಸ್ಸು, ಸಕ್ಕರೆ ಕಾಯಿಲೆ, ಬೇರೆ ನಾಳಗಳ ಸ್ಥಿತಿ ಎಲ್ಲ ನೋಡಬೇಕು. ಇಬ್ಬರು ಡಾಕ್ಟರೂ ಒಟ್ಟಿಗೆ ಕೂತು ಹೇಳಿದ್ದಾರಾ ಅಂತ ಕೇಳಿ.

---

ಬೇವಿನಕಟ್ಟೆ

ಸರಿ, ಹಾಗಾದರೆ ಕಂಪನಿ ಬಿಟ್ಟು ಸರ್ಕಾರವೇ ದುಡ್ಡು ಹಾಕಲಿ. ಸಮಸ್ಯೆ ಮುಗಿಯಿತಲ್ಲ?

---

ಅಮೆರಿಕದಲ್ಲಿರೋ_ಶಿರಸಿ

ಅಷ್ಟು ಸುಲಭಕ್ಕೆ ಮುಗಿಯಲ್ಲ. ಇಲ್ಲಿನ ಸರ್ಕಾರಿ ಹೃದಯ ಸಂಸ್ಥೆ ಎನ್‌ಎಚ್‌ಎಲ್‌ಬಿಐ ದುಡ್ಡು ಹಾಕಿದ ದೊಡ್ಡ ಟ್ರಯಲ್‌ಗಳನ್ನು ಕ್ಯಾಪ್ಲನ್ ಮತ್ತು ಇರ್ವಿನ್ ಅನ್ನುವವರು 2015ರಲ್ಲಿ ಲೆಕ್ಕ ಹಾಕಿದರು. ಒಟ್ಟು 55. 2000ಕ್ಕಿಂತ ಮೊದಲು ಬಂದ 30ರಲ್ಲಿ 17 ಟ್ರಯಲ್‌ಗಳು ಲಾಭ ತೋರಿಸಿದವು. ಆಮೇಲೆ ಬಂದ 25ರಲ್ಲಿ? ಎರಡೇ ಎರಡು!

2000ದ ಸುಮಾರಿಗೆ ಬದಲಾದದ್ದು ನಿಯಮ. ಟ್ರಯಲ್ ಶುರುವಾಗುವ ಮೊದಲೇ "ನಾವು ಮುಖ್ಯವಾಗಿ ಎಣಿಸುವುದು ಇದನ್ನು" ಅಂತ ಸಾರ್ವಜನಿಕವಾಗಿ ನೋಂದಾಯಿಸಬೇಕಾಯಿತು. ಅದಕ್ಕೂ ಮೊದಲು ಹತ್ತು ವಿಷಯ ಅಳೆದು, ಚೆನ್ನಾಗಿ ಬಂದದ್ದನ್ನು ಮುಂದೆ ಇಡಲು ಅವಕಾಶವಿತ್ತು. ದುಡ್ಡು ಎರಡೂ ಕಾಲದಲ್ಲಿ ಸರ್ಕಾರದ್ದೇ. ಕಂಪನಿ ಕೈಜೋಡಿಸಿತ್ತಾ ಇಲ್ಲವಾ ಅನ್ನುವುದಕ್ಕೂ ಗೆಲುವಿಗೂ ಆ ಲೆಕ್ಕದಲ್ಲಿ ಸಂಬಂಧ ಕಾಣಲಿಲ್ಲ. ಸಂಶೋಧಕನಿಗೂ ಹೆಸರಿನ ಆಸೆ, ಮುಂದಿನ ಅನುದಾನದ ಆಸೆ ಇರುತ್ತದೆ. ಔಷಧಿಗಳೇ ಸುಧಾರಿಸಿ, ಹೊಸದು ಗೆಲ್ಲುವುದು ಕಷ್ಟವಾಗಿದೆ ಅನ್ನುವ ಕಾರಣವೂ ಇರಬಹುದು. ಆದರೂ 17ರಿಂದ 2ಕ್ಕೆ ಅಂದರೆ ಯೋಚಿಸಬೇಕಾದ ಇಳಿತ.

---

ಎದೆಬಡಿತ_ಡಾಕ್ಟ್ರು

ಒಪ್ಪಿದೆ. ಆದರೂ ಸರ್ಕಾರಿ ದುಡ್ಡಿಲ್ಲದೆ ಹುಟ್ಟದ ಪ್ರಶ್ನೆಗಳಿವೆ. ನನಗೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1980ರ ದಶಕದಲ್ಲಿ ಹಾರ್ಟ್ ಅಟ್ಯಾಕ್ ಆದವರಿಗೆ ಎದೆಬಡಿತ ತಪ್ಪದಿರಲಿ ಅಂತ ಫ್ಲೆಕೈನೈಡ್, ಎನ್‌ಕೈನೈಡ್ ಮಾತ್ರೆ ಕೊಡುತ್ತಿದ್ದರು. ಇಸಿಜಿಯಲ್ಲಿ ತಪ್ಪು ಬಡಿತ ಕಡಿಮೆಯಾಗುತ್ತಿತ್ತು, ಎಲ್ಲರಿಗೂ ಖುಷಿ. ಪೇಷೆಂಟ್ ಬದುಕುತ್ತಾನಾ ಅಂತ ಪರೀಕ್ಷೆ ಮಾಡಿಸಿದ್ದು ಎನ್‌ಎಚ್‌ಎಲ್‌ಬಿಐ. 'ಕ್ಯಾಸ್ಟ್' ಅಂತ ಹೆಸರು. ಮಾತ್ರೆ ತಿಂದ 755 ಜನರಲ್ಲಿ 63 ಸಾವು, ಡಮ್ಮಿಯ 743 ಜನರಲ್ಲಿ 26. 1989ರಲ್ಲೇ ಆ ಮಾತ್ರೆಗಳನ್ನು ನಿಲ್ಲಿಸಬೇಕಾಯಿತು.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಇದೇ ಜಾತಿಯ ಲೋರ್ಕೈನೈಡ್ ಮಾತ್ರೆಯ ಮೇಲೆ 1980ರಲ್ಲಿ ಬ್ರಿಟನ್ನಿನಲ್ಲಿ 95 ಜನರ ಚಿಕ್ಕ ಟ್ರಯಲ್ ಆಗಿತ್ತು. ಮಾತ್ರೆ ತಿಂದವರಲ್ಲಿ 9 ಸಾವು, ಡಮ್ಮಿಯವರಲ್ಲಿ 1. ಅದು ಆಕಸ್ಮಿಕ ಅಂದುಕೊಂಡರು. ಮಾತ್ರೆಯನ್ನು ವ್ಯಾಪಾರದ ಕಾರಣಕ್ಕೆ ಕೈಬಿಟ್ಟಿದ್ದರಿಂದ ಫಲಿತಾಂಶವನ್ನೂ ಪ್ರಕಟಿಸಲಿಲ್ಲ. 1993ರಲ್ಲಿ ಅದೇ ಲೇಖಕರು ಪ್ರಕಟಿಸಿ, ಆಗಲೇ ಹೊರಬಂದಿದ್ದರೆ ಮುನ್ಸೂಚನೆ ಸಿಗುತ್ತಿತ್ತು ಅಂತ ಬರೆದರು. ಕಂಪನಿಗೆ ಬೇಡವಾದ ಔಷಧಿಯ ಅಂಕಿ ಯಾರಿಗೂ ಬೇಡ ಅನ್ನುವ ಹಾಗಾಗಿತ್ತು.

ಬಿಪಿ ಮಾತ್ರೆಗೆ ಬನ್ನಿ. ಹಳೇ ಅಗ್ಗದ ಕ್ಲೋರ್ಥಾಲಿಡೋನ್ ಮಾತ್ರೆಯನ್ನು ಆಗಿನ ದುಬಾರಿ ಮಾತ್ರೆಗಳ ಎದುರು ನಿಲ್ಲಿಸಲು ಯಾವ ಕಂಪನಿ ಮುಂದೆ ಬರುತ್ತದೆ? 'ಆಲ್‌ಹ್ಯಾಟ್' ಟ್ರಯಲ್ ಮಾಡಿಸಿದ್ದು ಸರ್ಕಾರ. ಫೈಜರ್ ಕೂಡ ಮಾತ್ರೆ ಮತ್ತು ಒಂದಿಷ್ಟು ದುಡ್ಡು ಕೊಟ್ಟಿತ್ತು. ಆದರೂ 2000ದಲ್ಲಿ ಫೈಜರಿನದೇ ಡಾಕ್ಸಜೋಸಿನ್ ಗುಂಪನ್ನು ನಿಲ್ಲಿಸಿದರು, ಹಾರ್ಟ್ ಫೇಲ್ಯೂರ್ ಎರಡರಷ್ಟು ಕಂಡಿತು ಅಂತ. 2002ರಲ್ಲಿ ಪೂರ್ತಿ ಫಲಿತಾಂಶ ಬಂದಾಗ ಅಗ್ಗದ ಮಾತ್ರೆ ಯಾವ ದುಬಾರಿ ಮಾತ್ರೆಗೂ ಸೋತಿರಲಿಲ್ಲ. ದುಡ್ಡು ಕೊಟ್ಟ ಕಂಪನಿಗೆ ತೀರ್ಮಾನದಲ್ಲಿ ಕೈ ಇರಲಿಲ್ಲ. ಅದೇ ಆ ಟ್ರಯಲ್‌ನ ಗಟ್ಟಿತನ.

ಮಾತ್ರೆ ನಿಲ್ಲಿಸಬಹುದಾ ಅನ್ನುವ ಪ್ರಶ್ನೆಗಂತೂ ಕಂಪನಿ ಕಾಸು ಬಿಚ್ಚುವುದೇ ಇಲ್ಲ. ಹಾರ್ಟ್ ಅಟ್ಯಾಕ್ ಆದರೂ ಹೃದಯದ ಪಂಪಿಂಗ್ ಚೆನ್ನಾಗಿರುವವರಿಗೆ ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡುವ ಮಾತ್ರೆ) ಬೇಕಾ? ದಶಕಗಟ್ಟಲೆ ಸುಮ್ನೆ ಕೊಡುತ್ತಾ ಬಂದೆವು. 2024ರಲ್ಲಿ ಸ್ವೀಡನ್ನಿನವರು ಸಾರ್ವಜನಿಕ ದುಡ್ಡಲ್ಲಿ 5,020 ಜನರನ್ನು ನೋಡಿದರು. ಸಾವು ಅಥವಾ ಮತ್ತೆ ಹಾರ್ಟ್ ಅಟ್ಯಾಕ್ ತಿಂದವರಲ್ಲಿ ನೂರಕ್ಕೆ 7.9, ತಿನ್ನದವರಲ್ಲಿ 8.3, ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. 2025ರಲ್ಲಿ ಸ್ಪೇನ್ ಮತ್ತು ಇಟಲಿಯ ಟ್ರಯಲ್ ಅದನ್ನೇ ಹೇಳಿತು. ಡೆನ್ಮಾರ್ಕ್ ಮತ್ತು ನಾರ್ವೆಯದು ಸ್ವಲ್ಪ ಲಾಭ ಇದೆ ಅಂದಿತು. ದಯವಿಟ್ಟು ಇದನ್ನು ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಅಪಾಯ.

---

ಕೋರಮಂಗಲ_ಫಾರ್ಮಸಿಸ್ಟ್

ನಮ್ಮ ಊರಿನದೂ ಒಂದು ಉದಾಹರಣೆ ಇದೆ. ಪಾಲಿಪಿಲ್, ಅಂದರೆ ಬಿಪಿ ಮತ್ತು ಕೊಲೆಸ್ಟೆರಾಲ್ ಮಾತ್ರೆಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸುವುದು. 2009ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ 'ಟಿಪ್ಸ್' ಟ್ರಯಲ್ ಭಾರತದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ ನಡೆಯಿತು. ಸಂಯೋಜನೆ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಿಂದ. ಮಾತ್ರೆ ಮತ್ತು ದುಡ್ಡು ಅಹಮದಾಬಾದಿನ ಕ್ಯಾಡಿಲಾ ಫಾರ್ಮಸ್ಯೂಟಿಕಲ್ಸ್‌ನದು. ಅದು 12 ವಾರದ ಟ್ರಯಲ್, ನೋಡಿದ್ದು ಬಿಪಿ, ಕೊಲೆಸ್ಟೆರಾಲ್ ಇಳಿಯಿತಾ ಅಂತ ಮಾತ್ರ.

ಜನ ಬದುಕುತ್ತಾರಾ ಅಂತ ನೋಡಲು ವರ್ಷಗಳು ಬೇಕು. ಅದನ್ನು ಮಾಡಿದ್ದು 'ಟಿಪ್ಸ್-3'. 5,713 ಜನ, ಸರಾಸರಿ ನಾಲ್ಕೂವರೆ ವರ್ಷ. ಅದಕ್ಕೆ ಬ್ರಿಟನ್ನಿನ ದತ್ತಿ ಸಂಸ್ಥೆ ವೆಲ್‌ಕಮ್ ಟ್ರಸ್ಟ್ ಕೂಡ ದುಡ್ಡು ಹಾಕಿತು, ಕ್ಯಾಡಿಲಾವೂ ಇತ್ತು. ಹೃದಯದ ತೊಂದರೆ ಪಾಲಿಪಿಲ್‌ನವರಲ್ಲಿ ನೂರಕ್ಕೆ 4.4, ಡಮ್ಮಿಯವರಲ್ಲಿ 5.5. ಲೆಕ್ಕದ ಪ್ರಕಾರ ನಿಜವಾದ ಲಾಭವೋ ಆಕಸ್ಮಿಕವೋ ಅನ್ನುವ ಗೆರೆಯ ಮೇಲೇ ನಿಂತ ಫಲಿತಾಂಶ, ಮೇಷ್ಟ್ರಿಗೆ ಇದು ಅರ್ಥವಾಗುತ್ತೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲಿಪಿಲ್‌ಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನನ್ನ ಕೌಂಟರಿನಲ್ಲಿ ಬರುವ ಚೀಟಿಗಳಲ್ಲಿ ಮಾತ್ರ ಅದು ಅಪರೂಪ. ಅಗ್ಗದ ಮಾತ್ರೆ, ಅದನ್ನು ಡಾಕ್ಟರಿಗೆ ನೆನಪಿಸಲು ಬ್ಯಾಗ್ ಹಿಡಿದು ಓಡಾಡುವ ರೆಪ್ ಯಾರೂ ಇಲ್ಲ.

---

ಹುಬ್ಳಿ_ಅಕ್ಕ

ನಮ್ಮ ದೇಶದ ಸ್ಟೆಂಟ್‌ಗಳ ಬಗ್ಗೆ ಏನಾದರೂ ಆಗಿದೆಯಾ? ಆಸ್ಪತ್ರೆಯಲ್ಲಿ "ಫಾರಿನ್‌ದೇ ಹಾಕಿಸಿ" ಅಂತ ಒತ್ತಾಯ ಮಾಡಿದ್ದರು.

---

ಟ್ರಯಲ್_ಕೋಆರ್ಡಿನೇಟರ್

ಆಗಿದೆ ಅಕ್ಕಾ. ಸೂರತ್‌ನ ಸಹಜಾನಂದ್ ಕಂಪನಿಯ ಸುಪ್ರಾಫ್ಲೆಕ್ಸ್ ಸ್ಟೆಂಟನ್ನು ಅಬಾಟ್‌ನ ಝೈಯೆನ್ಸ್ ಎದುರು ಯುರೋಪಿನ 23 ಆಸ್ಪತ್ರೆಗಳಲ್ಲಿ 1,435 ಜನರ ಮೇಲೆ ಪರೀಕ್ಷಿಸಿದರು. 'ಟ್ಯಾಲೆಂಟ್' ಅಂತ ಹೆಸರು, 2019ರಲ್ಲಿ ಬಂತು. ಒಂದು ವರ್ಷದಲ್ಲಿ ತೊಂದರೆ ನಮ್ಮದರಲ್ಲಿ ನೂರಕ್ಕೆ 4.9, ಅವರದರಲ್ಲಿ 5.3. ನಮ್ಮದು ಕಡಿಮೆಯಿಲ್ಲ ಅಂತಾಯಿತು. ಇದಕ್ಕೂ ಕಂಪನಿಯೇ ದುಡ್ಡು ಹಾಕಿತ್ತು ಅಂತ ಬೇವಿನಕಟ್ಟೆಯವರು ಹೇಳುವ ಮೊದಲು ನಾನೇ ಹೇಳಿಬಿಡ್ತೀನಿ. ಆದರೆ ಎದುರಿಗಿಟ್ಟದ್ದು ಮಾರುಕಟ್ಟೆಯಲ್ಲಿ ಹೆಸರು ಮಾಡಿದ ಗಟ್ಟಿ ಸ್ಟೆಂಟನ್ನು, ಸೋಲುವುದು ಗ್ಯಾರಂಟಿ ಇದ್ದದ್ದನ್ನಲ್ಲ.

"ಕಡಿಮೆಯಿಲ್ಲ" ಅಂತ ತೋರಿಸುವ ಟ್ರಯಲ್‌ಗಳ ಬಗ್ಗೆ ಮಾತ್ರ ಎಚ್ಚರ ಇರಲಿ. ಎಲ್ಲ ಕಾಯಿಲೆಗಳನ್ನೂ ಸೇರಿಸಿ ಮಾಡಿದ ಒಂದು ಲೆಕ್ಕ 2015ರಲ್ಲಿ ಬಂದಿತ್ತು. ಕಂಪನಿ ದುಡ್ಡಿನ ಇಂಥ 57 ಟ್ರಯಲ್‌ಗಳಲ್ಲಿ 55 ಕಂಪನಿಗೆ ಬೇಕಾದ ಉತ್ತರವನ್ನೇ ಕೊಟ್ಟಿದ್ದವು. "ಇಷ್ಟರವರೆಗೆ ಕೆಟ್ಟದಾದರೂ ಪರವಾಗಿಲ್ಲ" ಅನ್ನುವ ಗೆರೆಯನ್ನು ಎಳೆಯುವವರು ಅವರೇ ಆಗಿರುತ್ತಾರೆ. ಗೆರೆ ಅಗಲವಾದಷ್ಟೂ ಪಾಸಾಗುವುದು ಸುಲಭ.

ಬೆಲೆಯ ವಿಷಯ. 2017ರ ಫೆಬ್ರವರಿಯಲ್ಲಿ ಔಷಧಿಗಳ ಬೆಲೆ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಎನ್‌ಪಿಪಿಎ, ಔಷಧಿ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿತು, ದೇಶಿ ವಿದೇಶಿ ಭೇದವಿಲ್ಲದೆ. ಆಮೇಲೂ ಕಾಲಕಾಲಕ್ಕೆ ಪರಿಷ್ಕರಿಸಿದ್ದಾರೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಬೇರೆಯಾಗಿ ಬರೆದಿದ್ದಾರಾ ನೋಡಿ.

---

ಗಣಿತದ_ಮೇಷ್ಟ್ರು

ಒಂದು ಟ್ರಯಲ್ ಯಾರ ದುಡ್ಡಲ್ಲಿ ನಡೀತಿದೆ ಅಂತ ಸಾಮಾನ್ಯರು ನೋಡುವುದು ಹೇಗೆ? ನಮ್ಮ ಪಕ್ಕದ ಮನೆಯವರನ್ನು ಒಂದು ಹಾರ್ಟ್ ಫೇಲ್ಯೂರ್ ಟ್ರಯಲ್‌ಗೆ ಸೇರಲು ಕೇಳಿದ್ದಾರಂತೆ.

---

ಟ್ರಯಲ್_ಕೋಆರ್ಡಿನೇಟರ್

ಸುಲಭ ಸರ್. ಸಿಟಿಆರ್‌ಐ ಅಂತ ಭಾರತದ ಟ್ರಯಲ್ ನೋಂದಣಿ ತಾಣ ಇದೆ. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಒಪ್ಪಿಗೆ ಪತ್ರದಲ್ಲಿ ಟ್ರಯಲ್‌ನ ಹೆಸರು ಇರುತ್ತದೆ, ಅದನ್ನು ಅಲ್ಲಿ ಹಾಕಿ ಹುಡುಕಿ. ದುಡ್ಡಿನ ಮೂಲ ಯಾರು, ಮುಖ್ಯ ಸ್ಪಾನ್ಸರ್ ಯಾರು ಅಂತ ಬೇರೆ ಬೇರೆ ಸಾಲಿನಲ್ಲಿರುತ್ತದೆ. ಅಲ್ಲೇ ನಿಲ್ಲಬೇಡಿ. ಕೆಳಗೆ ಹೋದರೆ ಹೋಲಿಕೆಗೆ ಏನು ಕೊಡುತ್ತಾರೆ, ಮುಖ್ಯವಾಗಿ ಏನನ್ನು ಎಣಿಸುತ್ತಾರೆ ಅಂತಲೂ ಇರುತ್ತದೆ. ಎಣಿಸುವುದು ಸಾವು, ಆಸ್ಪತ್ರೆಗೆ ಸೇರುವುದು ಆಗಿದ್ದರೆ ಒಂದು ಮಾತು. ಬರೀ ರಕ್ತದ ರಿಪೋರ್ಟಿನ ಅಂಕಿ ಆಗಿದ್ದರೆ ಇನ್ನೊಂದು ಮಾತು. ಮೊದಲು ಬರೆದದ್ದನ್ನು ನಡುವೆ ಬದಲಿಸಿದ್ದಾರಾ ಅಂತಲೂ ನೋಡಬಹುದು.

ಪಕ್ಕದ ಮನೆಯವರಿಗೆ ಹೇಳಿ, ಸೇರುವುದು ಬಿಡುವುದು ಅವರಿಷ್ಟ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. 2019ರ ಹೊಸ ನಿಯಮದಲ್ಲಿ ಟ್ರಯಲ್‌ನಿಂದ ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಸ್ಪಾನ್ಸರ್ ಕೊಡಬೇಕು ಅಂತ ಇದೆ. ಸಹಿ ಹಾಕಿದ ಪತ್ರದ ಪ್ರತಿ ಇಸಿದುಕೊಳ್ಳೋದು ಮರೆಯಬಾರದು.

---

ಬೇವಿನಕಟ್ಟೆ

ಇಷ್ಟೆಲ್ಲ ಓದಿದ ಮೇಲೂ ನನ್ನ ಮಾತು ಅದೇ. ದುಡ್ಡು ಕೊಡುವವರು ಬೇರೆ, ಪ್ರಶ್ನೆ ಬರೆಯುವವರು ಬೇರೆ ಆಗಬೇಕು. ಕಂಪನಿಗಳಿಂದ ದುಡ್ಡು ವಸೂಲಿ ಮಾಡಿ, ಟ್ರಯಲ್ ಮಾತ್ರ ಬೇರೆಯವರು ಮಾಡಲಿ. ಇದು ಕನಸಾ?

---

ಎದೆಬಡಿತ_ಡಾಕ್ಟ್ರು

ಕನಸಲ್ಲ, ಇಟಲಿಯಲ್ಲಿ ಇದೆ. ಅಲ್ಲಿ ಔಷಧಿ ಕಂಪನಿಗಳು ಡಾಕ್ಟರಿಗೆ ಪ್ರಚಾರ ಮಾಡಲು ಖರ್ಚು ಮಾಡಿದ್ದರಲ್ಲಿ ನೂರಕ್ಕೆ ಐದರಷ್ಟನ್ನು ಸರ್ಕಾರಿ ಔಷಧಿ ಸಂಸ್ಥೆಗೆ ಕಟ್ಟಬೇಕು. ಆ ನಿಧಿಯಿಂದ ಕಂಪನಿಗೆ ಆಸಕ್ತಿಯಿಲ್ಲದ ಪ್ರಶ್ನೆಗಳಿಗೂ ಟ್ರಯಲ್ ಮಾಡಿಸುತ್ತಾರೆ. ನಿಮ್ಮ ಜೊತೆ ನಾನು ಮೊದಲ ಸಲ ಪೂರ್ತಿ ಒಪ್ಪುತ್ತಿದ್ದೇನೆ!

---

ಟ್ರಯಲ್_ಕೋಆರ್ಡಿನೇಟರ್

ನಮ್ಮಲ್ಲೂ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ದುಡ್ಡಲ್ಲಿ ದೊಡ್ಡ ಟ್ರಯಲ್ ಆಗುತ್ತವೆ. ಹೃದಯದ್ದಲ್ಲ, ಪಾರ್ಶ್ವವಾಯುವಿನದು, ಆದರೂ ಹೇಳ್ತೀನಿ. 'ಸ್ಪ್ರಿಂಟ್ ಇಂಡಿಯಾ' ಅಂತ. ಪಾರ್ಶ್ವವಾಯು ಆದವರಿಗೆ ಎಸ್‌ಎಂಎಸ್, ವಿಡಿಯೊ, ಪುಸ್ತಕ ಕಳಿಸಿದರೆ ಮತ್ತೆ ಕಾಯಿಲೆ ಬರುವುದು ಕಡಿಮೆಯಾಗುತ್ತಾ ಅಂತ 12 ಭಾಷೆಗಳಲ್ಲಿ, 31 ಕೇಂದ್ರಗಳಲ್ಲಿ, 4,298 ಜನರ ಮೇಲೆ ನೋಡಿದರು. ಕಡಿಮೆಯಾಗಲಿಲ್ಲ. ಇನ್ನು ಮುಂದುವರಿಸಿ ಪ್ರಯೋಜನವಿಲ್ಲ ಅಂತ ನಿಲ್ಲಿಸಿದರು. 2023ರಲ್ಲಿ ಅದನ್ನು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಹಾಗೇ ಪ್ರಕಟಿಸಿದರು. ಯಾರ ಶೇರೂ ಬೀಳಲಿಲ್ಲ.

ಬೇವಿನಕಟ್ಟೆಯವರೇ, ಇಟಲಿಯ ಹಾಗೆ ಇಲ್ಲೂ ಬರಲಿ ಅಂತ ಅರ್ಜಿ ಬರೆಯುವುದಾದರೆ ಒಂದು ಸಾಲು ಸೇರಿಸಿ. ಕೋಆರ್ಡಿನೇಟರ್ ಸಂಬಳ ಪ್ರತಿ ತಿಂಗಳು ಬರಬೇಕು, ವರ್ಷಕ್ಕೊಮ್ಮೆ ಅಲ್ಲ ಅಂತ.